ಟೋಪಿ ತೆಗೆದು ಹೇಳಿದ ಸುದ್ದಿ

ಹುಕ್ಕೇರಿಯಿಂದ ಮುಧೋಳದ ಕಡೆಗೆ ಹೋಗುವ ಮೋಟಾರು ಮೂಡಲಗಿಯಲ್ಲಿ ನಿಲ್ಲುವುದು ಜನರಿಗಾಗಿ ಅಲ್ಲ, ಎಂಜಿನ್ನಿಗೆ ನೀರು ಕುಡಿಸಲಿಕ್ಕೆ. ಅದು ನೀರು ಕುಡಿಯುವ ಹೊತ್ತಿನಲ್ಲಿ ಜನ ಬೇಕಾದರೆ ಹತ್ತಬಹುದು, ಇಳಿಯಬಹುದು. ಹೋದ ತಿಂಗಳು ಆ ಹಾದಿಯಲ್ಲಿ ಹೋಗುವಾಗ ಇಳಿಯುವ ಉದ್ದೇಶ ನನಗಿರಲಿಲ್ಲ. ಆ ಊರು ಬಿಟ್ಟ ಮೇಲೆ ಏಳು ವರ್ಷ ಅದರ ಹೆಸರು ಬಂದಾಗಲೆಲ್ಲ ಮಾತು ಹೊರಳಿಸಿದವನು ನಾನು. ಕಣ್ಣುಮುಚ್ಚಿ ಕೂತಿದ್ದೆ. ಯಾರದೋ ಮನೆಯಲ್ಲಿ ಅಗಸೆಯ ಬೀಜ, ನಮ್ಮ ಕಡೆಯ ಅಗಸಿ, ಹುರಿಯುತ್ತಿದ್ದರು. ಕಾದ ಬೋಗುಣಿಯಲ್ಲಿ ಅಗಸಿ ಚಟಚಟ ಸಿಡಿಯುವ ಸಪ್ಪಳ, ಅದರ ಹಿಂದೆಯೇ ಆ ಕಮ್ಮನೆಯ ವಾಸನೆ. ಕಣ್ಣು ಮುಚ್ಚಬಹುದು, ಮೂಗನ್ನು ಎಷ್ಟು ಹೊತ್ತು ಮುಚ್ಚುವುದು? ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟೆ.

ಆ ಊರಿಗೆ ನಾನು ಮೊದಲು ಬಂದದ್ದು ಯುದ್ಧದ ಕಾಲದಲ್ಲಿ, ಸಾಲಿ ಮಾಸ್ತರನಾಗಿ. ಆಗ ವಯಸ್ಸು ಇಪ್ಪತ್ತನಾಲ್ಕು. ಹುಟ್ಟೂರು ದಡ್ಡಿ. ಬೆಳಗಾವಿಯಲ್ಲಿ ಇಂಟರ್ ಸಾಯನ್ಸ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬಿದ್ದಿದ್ದೆ. ಬಿದ್ದವನ ಹತ್ತಿರ ಉಳಿದದ್ದು ಒಂದಿಷ್ಟು ಇಂಗ್ಲಿಷು, ಒಂದಿಷ್ಟು ವಿಜ್ಞಾನ ಮತ್ತು ಬೇಕಾದಷ್ಟು ಕುಹಕ. ಅಪ್ಪ ಅವ್ವ ಇರಲಿಲ್ಲ. ಅಣ್ಣನೊಬ್ಬನಿದ್ದ, ಇದ್ದೂ ಇಲ್ಲದವನು. ನಾನು ಎರಡನೆಯ ಸಲ ನಾಪಾಸಾದ ದಿನ ಅವನು ಮಾತು ಬಿಟ್ಟವನು ಮತ್ತೆ ಆಡಲಿಲ್ಲ. ಮೂಡಲಗಿಯಲ್ಲಿ ಬಾಡಿಗೆಯ ಖೋಲಿ ಹಿಡಿದೆ. ಒಂದು ಕಿಟಕಿ, ಒಂದು ಕಂದೀಲು, ಗೋಡೆಯಲ್ಲಿ ಒಂದು ಗೂಟ. ಭಾನುವಾರ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆಯುವುದು ಎರಡೇ ಕೆಲಸಕ್ಕೆ, ಒಂದು ಊಟ, ಇನ್ನೊಂದು ಆಕಳಿಕೆ. ಒಂಟಿತನ ಅಂದರೆ ಏನು ಅಂತ ಪುಸ್ತಕ ಓದಿ ತಿಳಿಯಬೇಕಾದ ಪ್ರಸಂಗ ನನಗೆ ಬರಲಿಲ್ಲ.

ಊಟ ನಿಂಗವ್ವನ ಖಾನಾವಳಿಯಲ್ಲಿ. ನಿಂಗವ್ವ ನಲವತ್ತೈದರ ಆಸುಪಾಸಿನ ವಿಧವೆ. ಮಾತು ಕಡಿಮೆ, ರೊಟ್ಟಿ ತೆಳ್ಳಗೆ. ಅವಳಿಗೆ ಒಬ್ಬನೇ ಮಗ, ಬಾಳಪ್ಪ. ನಾನು ಬರುವುದಕ್ಕೆ ಒಂದು ವರ್ಷ ಮೊದಲು ಬೆಳಗಾವಿಗೆ ಎತ್ತು ನೋಡಿ ಬರುತ್ತೇನೆಂದು ಹೋದವನು ದಂಡಿಗೆ ಸೇರಿ ಬಂದ. ಅವ್ವನಿಗೆ ಕೇಳಿರಲಿಲ್ಲ, ಹೇಳಿರಲಿಲ್ಲ. ಖಾಕಿ ಚಡ್ಡಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತವನನ್ನು ನೋಡಿ ನಿಂಗವ್ವ, ನನ್ನ ಪಾಲಿಗೆ ನೀ ಇಲ್ಲ, ನಡಿ, ಎಂದು ಬಾಗಿಲು ಮುಂದೆ ಮಾಡಿದಳಂತೆ. ಅವನು ಹೊರಡುವ ದಿನ ಊರ ಮಂದಿಯೆಲ್ಲ ಮೋಟಾರಿನ ತನಕ ಹೋದರೂ ಅವಳು ಹೋಗಲಿಲ್ಲ. ತಿಂಗಳಾದ ಮೇಲೆ ತಾನೇ ಅಗಸಿ ಹುರಿದು, ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿ, ಹಿಂಡಿ ಮಾಡಿದಳು. ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತಾರೆ. ಅದನ್ನು ಡಬ್ಬಿಯಲ್ಲಿ ಒತ್ತಿ ತುಂಬಿ, ಮೇಲೆ ಮಾದರಪಾಟದ ಬಟ್ಟೆ ಸುತ್ತಿ ಹೊಲಿದು, ಟಪಾಲಿನವರಿಂದ ವಿಳಾಸ ಬರೆಸಿ ಕಳಿಸಿದಳು. ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆಗೆ ಒಂದು ಡಬ್ಬಿ. ಕಾಗದ ಮಾತ್ರ ಒಂದೂ ಬರೆಸಲಿಲ್ಲ. ನಾನು ಬರೆದುಕೊಡುತ್ತೇನೆ ಎಂದರೆ, ಬರಿಯೂದ ಏನೈತ್ರಿ ಮಾಸ್ತರ, ಅಂದುಬಿಡುತ್ತಿದ್ದಳು. ತಾಯಿಯಿಂದ ಮಗನಿಗೆ ಹೋಗುತ್ತಿದ್ದದ್ದು ಆ ಡಬ್ಬಿಯೊಂದೇ. ಅದು ಇಡೀ ಊರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನು ರೇಡಿಯೋದ ಕಥೆ. ಊರಿಗೆಲ್ಲ ಒಂದೇ ರೇಡಿಯೋ, ಅದು ನೇಮಣ್ಣನ ಅಂಗಡಿಯಲ್ಲಿ. ನೇಮಣ್ಣ ಜೈನರವನು, ಕಾಳುಕಡಿಯ ವ್ಯಾಪಾರಿ, ಮರಾಠಿ ಕನ್ನಡ ಎರಡೂ ಬಲ್ಲವನು, ಇಂಗ್ಲಿಷು ಬಾರದವನು. ಹದಿನೈದು ದಿನಕ್ಕೊಮ್ಮೆ ಅದರ ಬ್ಯಾಟರಿಯನ್ನು ಚಕ್ಕಡಿಯಲ್ಲಿಟ್ಟು ಗೋಕಾಕ ಫಾಲ್ಸಿಗೆ ಒಯ್ದು ವಿದ್ಯುತ್ತು ತುಂಬಿಸಿ ತರಬೇಕಾಗಿತ್ತು. ರೇಡಿಯೋ ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಆಮೇಲೆ ಅದು ಮಾತಾಡಿತು, ಆದರೆ ಇಂಗ್ಲಿಷಿನಲ್ಲಿ. ಮುಂಬೈಯ ಮರಾಠಿ ಗೊರಗೊರ ಎನ್ನುತ್ತಿತ್ತು, ದಿಲ್ಲಿಯ ಇಂಗ್ಲಿಷು ಮಾತ್ರ ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ನೇಮಣ್ಣ ನನ್ನನ್ನು ಕರೆಕಳಿಸಿದ. ದೀಪ ಹಚ್ಚುವ ಹೊತ್ತಿಗೆ ಸುದ್ದಿ ಬರುತ್ತಿತ್ತು. ನಾನು ಕೇಳಿಸಿಕೊಂಡು ನಿಂತು ಕನ್ನಡದಲ್ಲಿ ಹೇಳುವುದು, ನಲವತ್ತು ಐವತ್ತು ಮಂದಿ ಕಟ್ಟೆಯ ಮೇಲೆ, ಚೀಲಗಳ ಮೇಲೆ ಕೂತು ಕೇಳುವುದು. ಹೊತ್ತು ಮುಳುಗುವುದರೊಳಗೆ ಉಂಡು ಕೂತ ನೇಮಣ್ಣನೊಬ್ಬನ ಮುಖದಲ್ಲಿ ಸಮಾಧಾನ ಇರುತ್ತಿತ್ತು, ಉಳಿದವರ ಹೊಟ್ಟೆ ಮನೆಯ ಕಡೆಗೆ ಎಳೆಯುತ್ತಿತ್ತು.

ಸುದ್ದಿ ಅಂದರೆ ಏನು, ಅವರು ಹಿಂದೆ ಸರಿದರು, ಇವರು ಮುಂದೆ ಬಂದರು. ಮುಗಿದ ಕೂಡಲೆ ಜನ ಎದ್ದು ಹೋಗಿಬಿಡುತ್ತಿದ್ದರು. ನನಗೆ ಹೋಗಲಿಕ್ಕೆ ಇದ್ದದ್ದು ಖೋಲಿ. ಅವರನ್ನು ಇನ್ನಿಷ್ಟು ಹೊತ್ತು ಕೂಡಿಸಿಕೊಳ್ಳುವ ಆಸೆಗೆ ಒಂದು ದಿನ ಸುದ್ದಿಗೆ ನನ್ನದೊಂದು ಬಾಲ ಅಂಟಿಸಿದೆ. ವಿಲಾಯತಿಯ ಪಂಡಿತರು ದುರ್ಬೀನು ಹಾಕಿ ನೋಡಿದ್ದಾರಂತೆ, ಈ ವಿಶ್ವ ದಿನೇ ದಿನೇ ಉಬ್ಬುತ್ತಿದೆಯಂತೆ. ಅದು ಪುಸ್ತಕದ ಮಾತೇ. ಹೀಗಾಗಿ ಮೂಡಲಗಿಗೂ ಗೋಕಾಕಕ್ಕೂ ಇರುವ ಹಾದಿ ವರ್ಷಕ್ಕೆ ಒಂದು ಮಾರು ಬೆಳೆಯುತ್ತದೆ, ಟಾಂಗಾದವರು ಬಾಡಿಗೆ ಏರಿಸುವುದು ಇದೇ ಕಾರಣಕ್ಕೆ, ಎಂದೆ. ಮಂದಿ ಬಿದ್ದು ಬಿದ್ದು ನಕ್ಕರು. ಆ ನಗೆಯ ರುಚಿ ಹತ್ತಿತು ನೋಡಿ, ನಾನು ಕೆಟ್ಟೆ.

ದಿನಾ ಒಂದು ಬಾಲ. ನಮ್ಮನ್ನು ಕೇಳದೆ ನಮ್ಮ ದೇಶವನ್ನು ಯುದ್ಧಕ್ಕೆ ಸೇರಿಸಿದ ಲಾಟಸಾಹೇಬರು ಈಗ ನಮ್ಮ ಅಭಿಪ್ರಾಯ ಕೇಳಲಿಕ್ಕೆ ಸಮಿತಿ ಮಾಡಿದ್ದಾರೆ, ಸಮಿತಿಯ ವರದಿ ಯುದ್ಧ ಮುಗಿದ ಮೇಲೆ ಬರುತ್ತದೆ, ಎಂದೆ. ಮುಂಜಾನೆ ಖಾದಿ ಹಾಕಿ ಪ್ರಭಾತಫೇರಿಗೆ ಹೋಗಿ ಸಂಜೆಗೆ ರುಮಾಲು ಸುತ್ತಿ ಮಾಮಲೇದಾರರ ಚಹಾಕ್ಕೆ ಹೋಗುವ ನಮ್ಮ ಊರ ಮುಖಂಡರಿಗೆ ಎರಡೂ ಕಡೆ ತಿರುಗಿಸಿ ಹಾಕುವ ಅಂಗಿ ಕಂಡುಹಿಡಿಯಲಾಗಿದೆ, ಎಂದೆ. ಗೋಕಾಕದ ತಂಬುವಿನಲ್ಲಿ ಬಂದ ದೇವರ ಟಾಕಿ ಸಿನಿಮಾದಲ್ಲಿ ಕೃಷ್ಣನ ಕೈಗೆ ಗಡಿಯಾರ ಇತ್ತು, ಆದ್ದರಿಂದಲೇ ದ್ರೌಪದಿಗೆ ಸೀರೆ ವೇಳೆಗೆ ಸರಿಯಾಗಿ ತಲುಪಿತು, ಎಂದೆ. ಟಾಕಿಯ ನಾಯಕನ ಹಾಗೆ ಬೈತಲೆ ತೆಗೆಸಿಕೊಂಡ ಹುಡುಗರು ಮಾತ್ರ ಅವತ್ತು ನಗಲಿಲ್ಲ.

ತೊಂದರೆ ಬಂದದ್ದು ಗೌಡರಿಂದ. ವಯಸ್ಸಾದ ಗೌಡರು ಆ ಹಾದಿ ಬೆಳೆಯುವ ಮಾತನ್ನು ನಂಬಿ ಟಾಂಗಾದವನ ಜೊತೆ ಜಗಳಕ್ಕೆ ನಿಂತರು, ಹಾದಿ ಬೆಳೆದರೆ ನನ್ನ ಹೊಲವೂ ಬೆಳೆಯಬೇಕಲ್ಲ, ಯಾಕೆ ಬೆಳೆದಿಲ್ಲ, ಎಂದು. ನೇಮಣ್ಣ ಗಾಬರಿಯಾದ. ಅವನ ಅಂಗಡಿಯಿಂದ ಸುಳ್ಳು ಸುದ್ದಿ ಹೊರಟಿತು ಎಂದು ಫೌಜದಾರನಿಗೆ ಗೊತ್ತಾದರೆ ರೇಡಿಯೋ ಹೋಗುತ್ತದೆ. ಆಗ ಅವನೇ ಒಂದು ಕಟ್ಟಳೆ ಮಾಡಿದ. ನಮ್ಮ ಕಡೆ ನಾಲ್ಕು ಜನರ ಮುಂದೆ ಗಂಡಸು ಬರಿದಲೆಯಲ್ಲಿ ನಿಲ್ಲುವುದಿಲ್ಲ. ಮನೆಯಲ್ಲಿ ಸಾವಾಗಿರಬೇಕು, ಇಲ್ಲ ತಲೆ ಕೆಟ್ಟಿರಬೇಕು.

“ಖರೆ ಸುದ್ದಿ ಟೋಪಿ ಹಾಕ್ಕೊಂಡ ಹೇಳ್ರಿ ಮಾಸ್ತರ. ನಿಮ್ಮ ಚ್ಯಾಷ್ಟಿ ಇದ್ರ ಟೋಪಿ ತಗದ ಹೇಳ್ರಿ. ಬರಿದಲಿ ಮಾತಿಗೆ ಜವಾಬ್ದಾರಿ ಇಲ್ಲ,” ಎಂದ.

ಅಂದಿನಿಂದ ಹಾಗೇ ನಡೆಯಿತು. ಸುದ್ದಿ ಮುಗಿಯುತ್ತಲೂ ನಾನು ಕರಿ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಟೋಪಿಗೆ ಕೈ ಹೋದರೆ ಸಾಕು, ಜನ ನಗಲಿಕ್ಕೆ ತಯಾರಾಗುತ್ತಿದ್ದರು. ಊರಲ್ಲಿ ನನಗೆ ಟೋಪಿ ಮಾಸ್ತರ ಎಂಬ ಹೆಸರು ಬಿತ್ತು. ಆದರೂ ಆ ನಗೆ ಮುಗಿದ ಮೇಲೆ ಒಬ್ಬನೂ, ಬರ್ರಿ ಮಾಸ್ತರ ನಮ್ಮ ಮನಿಗೆ, ಎನ್ನಲಿಲ್ಲ. ನಗಿಸುವವನಿಗೆ ದುಃಖ ಇರುವುದಿಲ್ಲ ಎಂದು ಜನ ತಿಳಿದಿರುತ್ತಾರೆ. ನಾನು ನಿಂಗವ್ವನ ಖಾನಾವಳಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಉಂಡು ಖೋಲಿಗೆ ಹೋಗುತ್ತಿದ್ದೆ.

ದೀಪಾವಳಿ ಮುಗಿದು ಥಂಡಿ ಬಿದ್ದ ಹೊತ್ತು. ಆ ದಿನ ರೇಡಿಯೋದಲ್ಲಿ ನಿಜವಾಗಿ ಬಂದದ್ದು ಇಷ್ಟು, ಸೈನಿಕರಿಗೆ ಶಕ್ತಿಗಾಗಿ ವಿಟಮಿನ್ ಗುಳಿಗೆ ಕೊಡುತ್ತಾರಂತೆ. ಟೋಪಿ ಹಾಕಿಕೊಂಡು ಅದನ್ನು ಹೇಳಿದೆ. ಆಮೇಲೆ ಟೋಪಿ ತೆಗೆದೆ. ಒಂದು ಗುಳಿಗೆ ನುಂಗಿದರೆ ಎಂಟು ದಿನ ಹಸಿವಿಲ್ಲ, ಎಂದೆ. ಸರಕಾರಕ್ಕೆ ಎಲ್ಲರ ಧರ್ಮವೂ ಒಂದೇ, ಆದ್ದರಿಂದ ಗುಳಿಗೆಗಳು ಬೇರೆ ಬೇರೆ, ಮರಾಠರ ಗುಳಿಗೆಗೆ ಝುಣಕದ ರುಚಿ, ನಮ್ಮ ಗುಳಿಗೆಗೆ ಎಣ್ಣೆಗಾಯಿಯ ರುಚಿ, ಜೈನರ ಗುಳಿಗೆ ಹೊತ್ತು ಮುಳುಗಿದ ಮೇಲೆ ಗಂಟಲಲ್ಲಿ ಇಳಿಯುವುದೇ ಇಲ್ಲ, ಎಂದೆ. ನೇಮಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆ ಮಧ್ಯಾಹ್ನ ನಿಂಗವ್ವ ಹಾಕಿದ ಹಿಂಡಿಯ ಬಳ್ಳೊಳ್ಳಿ ಇನ್ನೂ ಬಾಯಲ್ಲಿತ್ತು. ಅದು ನಾಲಿಗೆಗೆ ಸಿಕ್ಕಿತು. ಇನ್ನು ಮುಂದೆ ತಾಯಂದಿರು ದಂಡಿನಲ್ಲಿರುವ ಮಕ್ಕಳಿಗೆ ಹಿಂಡಿ ಕಳಿಸಬಾರದೆಂದು ಸರಕಾರದ ಹುಕುಂ ಆಗಿದೆ, ಎಂದೆ. ವೈರಿಗಳು ವಿಮಾನಕ್ಕೆ ಮೂಗು ಕೂಡಿಸಿದ್ದಾರೆ, ಬಳ್ಳೊಳ್ಳಿ ವಾಸನೆ ಹಿಡಿದು ನಮ್ಮ ದಂಡು ಎಲ್ಲಿದೆ ಎಂದು ಪತ್ತೆ ಹಚ್ಚಿ ಮೇಲಿನಿಂದ ಬಾಂಬು ಹಾಕುತ್ತಾರೆ, ಎಂದೆ. ಅಷ್ಟು ನಗು ಆ ಅಂಗಡಿಯಲ್ಲಿ ಮತ್ತೆಂದೂ ಕೇಳಲಿಲ್ಲ.

ಅಂಗಡಿಯ ಹಿಂದೆ ಹಲಗೆಯ ಗೋಡೆ. ಗೋಡೆಯ ಆಚೆ ಜೋಳ ಹಸನು ಮಾಡುವ ಪಡಸಾಲೆ. ಗಂಡಸರ ನಡುವೆ ಬಂದು ಕೂಡಲಾರದ ನಿಂಗವ್ವ ದಿನಾ ಆ ಹೊತ್ತಿಗೆ ಅಲ್ಲಿ ಬಂದು, ಖಾನಾವಳಿಗೆ ಕೊಂಡ ಜೋಳವನ್ನು ಮೊರದಲ್ಲಿ ಕೇರುತ್ತ, ಮಗನಿದ್ದ ಮರುಭೂಮಿಯ ಸುದ್ದಿ ಕೇಳಿ, ಮಂದಿಗೆ ರೊಟ್ಟಿ ಬಡಿಯಬೇಕೆಂದು ಎದ್ದು ಹೋಗುತ್ತಿದ್ದಳು. ಅವಳು ಅಲ್ಲಿರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಹಲಗೆಯ ಆಚೆ ಇದ್ದವರಿಗೆ ಟೋಪಿ ಕಾಣುವುದಿಲ್ಲ ಎಂಬುದು, ಎರಡು ಸಲ ಸಾಯನ್ಸ್ ಪರೀಕ್ಷೆಗೆ ಕೂತ ಈ ಶಾಣ್ಯಾನ ತಲೆಗೆ ಹೊಳೆಯಲಿಲ್ಲ.

ಅಮಾವಾಸ್ಯೆ ಬಂತು. ಅಗಸಿ ಹುರಿಯುವ ವಾಸನೆ ಬರಲಿಲ್ಲ. ತಾಟಿನಲ್ಲಿ ಹಿಂಡಿಯೂ ಇರಲಿಲ್ಲ. ಯಾಕವ್ವಾ, ಅಗಸಿ ತುಟ್ಟಿಯಾತೇನು, ಎಂದು ಕೇಳಿದೆ. ಇನ್ನ ಯಾರಿಗೆ ಕುಟ್ಟಲ್ರಿ, ಎಂದಳು. ಮುಖ ಬಾಡಿತ್ತು. ಅದನ್ನು ನೋಡಿದ ಮೇಲಾದರೂ ಕೇಳಬೇಕಿತ್ತು. ಅಗಸಿಯೂ ದಂಡಿಗೆ ಸೇರಿರಬೇಕು ಬಿಡು, ಎಂದು ಇನ್ನೊಂದು ಚ್ಯಾಷ್ಟಿ ಮಾಡಿ ಕೈ ತೊಳೆದೆ. ಹೀಗೆ ನಾಲ್ಕು ಅಮಾವಾಸ್ಯೆ ಹೋದವು.

ಹೋಳಿಯ ಮರುದಿನ ಬಾಳಪ್ಪನ ಕಾಗದ ಬಂತು. ಅವನು ನಾಲ್ಕನೆಯ ಇಯತ್ತೆ ಕಲಿತವನು, ತಾನೇ ಬರೆಯುತ್ತಿದ್ದ. ಅಲ್ಲಲ್ಲಿ ಸರಕಾರದವರು ಮಸಿ ಬಳಿದಿದ್ದರು. ಮಧ್ಯಾಹ್ನದ ಊಟದವರೆಲ್ಲ ಹೋದ ಮೇಲೆ ನಿಂಗವ್ವ ಅದನ್ನು ನನ್ನ ಮುಂದಿಟ್ಟಳು. ಒಲೆಯ ಮುಂದೆಯೇ ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು, ಓದ್ರಿ, ಎಂದಳು. ಓದತೊಡಗಿದೆ. ಮರಳು, ಬಿಸಿಲು, ಯಾರೋ ಸಂಕೇಶ್ವರದ ಗೆಳೆಯ ಸಿಕ್ಕದ್ದು. ಆಮೇಲೆ ಈ ಸಾಲು ಬಂತು. ಇವತ್ತಿಗೂ ಅದು ನನಗೆ ಬಾಯಿಪಾಠ.

“ಅವ್ವಾ, ಮೂರು ತಿಂಗಳಾತು ಹಿಂಡಿ ಬಂದಿಲ್ಲ. ಹಿಂಡಿ ಬಂದಾಗೊಮ್ಮೆ, ನೀ ನನ್ನ ಮಗಾ, ಅಂತ ನೀ ಅಂದಂಗ ಆಗತಿತ್ತು. ಮತ್ತ ಸಿಟ್ಟ ಬಂತೇನು?”

ಆ ಸಾಲನ್ನು ನಾನು ನುಂಗಬಹುದಿತ್ತು. ದಿನಾ ದಿಲ್ಲಿಯ ಮಾತನ್ನು ಬೇಕಾದಂತೆ ಬಗ್ಗಿಸಿ ಹೇಳುವವನಿಗೆ ಒಂದು ಸಾಲು ಬಿಟ್ಟು ಓದುವುದು ದೊಡ್ಡದಲ್ಲ. ಆದರೆ ಓದಿ ಆಗಿತ್ತು. ತಲೆ ಎತ್ತಿ, ಯಾಕ ಕಳಿಸಿಲ್ಲವ್ವಾ, ಎಂದು ಕೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ನೀವ ಹೇಳಿದ್ರೆಲ್ರಿ ಮಾಸ್ತರ. ಬಳ್ಳೊಳ್ಳಿ ವಾಸನಿ ವಿಮಾನಕ್ಕ ಹೋಗತೈತಿ ಅಂತ. ನನ್ನ ಹಿಂಡಿ ವಾಸನಿಗೆ ನನ್ನ ಮಗಾ ಸಾಯಬೇಕೇನ್ರಿ?”

ಕಾಗದ ಮಡಿಚಿ ಕೆಳಗಿಟ್ಟೆ. ಹೇಳದೆ ಗತಿ ಇರಲಿಲ್ಲ.

“ಅದು ಚ್ಯಾಷ್ಟಿ ಇತ್ತವ್ವಾ. ಟೋಪಿ ತಗದ ಹೇಳಿದ್ದೆ.”

“ಟೋಪಿ?” ಎಂದಳು. ಅವಳಿಗೆ ಆ ಕಟ್ಟಳೆಯೇ ಗೊತ್ತಿರಲಿಲ್ಲ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳುತ್ತ ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

“ನಾ ಎಲ್ಲಿ ನೋಡ್ಲಿ ಮಾಸ್ತರ. ಮಂದಿ ನಕ್ಕದ್ದು ನನ್ನ ಹಿಂಡಿಗೆ ಅಂತ ತಿಳದಿದ್ನಿ. ನಾ ಕೇಳಾಕ ಬರತಿದ್ನಿ.”

ಬೈದಿದ್ದರೆ ಬದುಕುತ್ತಿದ್ದೆ. ತಾಟು ಎತ್ತಿ ಹೊಡೆದಿದ್ದರೂ ನಡೆಯುತ್ತಿತ್ತು. ಅವಳು ಎದ್ದು ಅಡ್ಡಗೋಡೆಯ ಮೇಲಿನ ಗಡಿಗೆಯಿಂದ ಅಗಸಿ ತೆಗೆದಳು. ಬೋಗುಣಿ ಒಲೆಯ ಮೇಲಿಟ್ಟಳು. ನಾನು ಬಳ್ಳೊಳ್ಳಿ ಸುಲಿದೆ. ಒಳ್ಳಿನಲ್ಲಿ ಹಾಕಿ ಕುಟ್ಟುವಾಗ ಅವಳ ಕೈಯಿಂದ ಒನಕೆ ಇಸಿದುಕೊಂಡು ನಾನೇ ಕುಟ್ಟಿದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅದು ಅನುಕೂಲವೇ ಆಯಿತು. ಡಬ್ಬಿ ತುಂಬಿ ಬಟ್ಟೆ ಹೊಲಿದ ಮೇಲೆ, ಈ ಸಲ ಕಾಗದ ಬರೆಯಲೇಬೇಕು ಎಂದು ಹಟ ಹಿಡಿದೆ. ಹಿಂಡಿ ಕಳಿಸೇನಿ ಅಂತ ಬರೀರಿ, ಎಂದಳು. ಸಿಟ್ಟಿಲ್ಲ ಅಂತ ಬರೀಲೇನು, ಎಂದೆ. ತಿಂದ್ರ ಅವಂಗ ತಿಳಿತೈತಿ, ಎಂದಳು. ಬಳ್ಳೊಳ್ಳಿಯ ಕಥೆ ಬರೆದು ತಪ್ಪು ಒಪ್ಪಿಕೊಳ್ಳಬೇಕೆಂದು ಲೆಕ್ಕಣಿಕೆ ಮಸಿಯಲ್ಲಿ ಅದ್ದಿದೆ. ಆ ಹುಡುಗನ ಗೆಳೆಯರ ನಡುವೆ ನನ್ನ ಹೆಸರು ಕೆಡುತ್ತದಲ್ಲ ಎಂದು ಹಿಂಜರಿದೆ. ಒಂದೇ ಸಾಲು ಬರೆದು ಮಡಿಚಿದೆ. ಆ ಹೇಡಿತನಕ್ಕೆ ಯಾವ ಟೋಪಿಯೂ ಇರಲಿಲ್ಲ.

ಮತ್ತೆ ಮೂರು ಡಬ್ಬಿ ಹೋದವು. ಉತ್ತರ ಇಲ್ಲ. ಕಾರಹುಣ್ಣಿಮೆ ಆಗಿ ಎರಡು ಮೂರು ದಿನಕ್ಕೆ ರೇಡಿಯೋ ಹೇಳಿತು, ಮರುಭೂಮಿಯಲ್ಲಿ ನಮ್ಮ ದಂಡಿದ್ದ ಕೋಟೆ ಬಿತ್ತು, ನಮ್ಮ ಕಡೆಯವರು ಸಾವಿರಗಟ್ಟಲೆ ಸೆರೆ ಸಿಕ್ಕರು. ನಾನು ಎದ್ದು ನಿಂತು ಟೋಪಿ ಸರಿಮಾಡಿಕೊಂಡೆ. ಹಲಗೆಯ ಆಚೆ ಮೊರದ ಸಪ್ಪಳ ಕೇಳುತ್ತಿತ್ತು. ಹೇಳಿದೆ. ಸಪ್ಪಳ ನಿಂತಿತು. ಎದುರಿಗೆ ಕೂತವರು ನನ್ನ ಟೋಪಿಯ ಕಡೆಗೇ ನೋಡುತ್ತಿದ್ದರು, ತೆಗೆಯುತ್ತಾನೆ, ಇಷ್ಟರಲ್ಲಿ ನಗಬಹುದು, ಎಂದು. ನಾನು ತೆಗೆಯಲಿಲ್ಲ. ಅಂದಿನಿಂದ ಬಾಲ ನಿಂತಿತು. ಎಂಟು ದಿನ ಕಾದು ನೋಡಿ, ಮಾಸ್ತರಗ ಏನೋ ಆಗೇತಿ, ಎಂದು ಜನ ಸುದ್ದಿ ಮುಗಿಯುವುದರೊಳಗೆ ಏಳತೊಡಗಿದರು.

ಮಳೆಗಾಲದಲ್ಲಿ ಚಳವಳಿ ಎದ್ದಿತು. ಬೇರೆ ವರ್ಷವಾಗಿದ್ದರೆ ನಾನು ಕುಣಿದಾಡುತ್ತಿದ್ದೆ. ಹುಡುಗರು ತಂತಿ ಕತ್ತರಿಸಿದರು, ಅಲ್ಲಿ ಇಲ್ಲಿ ಟಪಾಲಿನ ಚೀಲ ಸುಟ್ಟರು, ಸಾಲಿಗೆ ಬೀಗ ಬಿತ್ತು. ನಿಂಗವ್ವ ದಿನಾ ಟಪಾಲಿನವನ ಹಾದಿ ನೋಡುತ್ತ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು, ಬಾಜೂದಲ್ಲಿ ನಾನು. ಸುಟ್ಟ ಚೀಲದಲ್ಲಿ ಬಾಳಪ್ಪನ ಕಾಗದ ಇತ್ತೇನೋ, ಯಾರಿಗೆ ಗೊತ್ತು. ಸ್ವರಾಜ್ಯ ಬರಲಿ, ಆದರೆ ಟಪಾಲು ಬಂದ ಮೇಲೆ ಬರಲಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದೇಶಭಕ್ತರಿಗೆ ಇದು ತಿಳಿದಿದ್ದರೆ ನನ್ನ ಮುಖಕ್ಕೆ ಸಗಣಿ ಬಳಿಯುತ್ತಿದ್ದರು.

ಕೊನೆಗೆ ಬಂದದ್ದು ಕಾಗದ ಅಲ್ಲ, ಡಬ್ಬಿ. ಹೋಳಿಯಲ್ಲಿ ನಾನು ಕುಟ್ಟಿ ಕಳಿಸಿದ ಡಬ್ಬಿಯೇ, ಹೊಲಿಗೆ ಬಿಚ್ಚದೆ, ಮೈತುಂಬ ಇಂಗ್ಲಿಷ್ ಮುದ್ರೆ ಹೊತ್ತು ಹೊರಳಿ ಬಂದಿತ್ತು. ಓದ್ರಿ, ಎಂದಳು. ನಾನು ಟೋಪಿ ಸರಿಯಾಗಿ ಹಾಕಿಕೊಂಡು ಓದಿದೆ. ಈ ಮನುಷ್ಯನ ಸುಳಿವಿಲ್ಲ ಎಂದು ಇತ್ತು. ಸತ್ತಾನ ಅಂತ ಐತೇನು, ಎಂದು ಕೇಳಿದಳು. ಇಲ್ಲ, ಸಿಕ್ಕಿಲ್ಲ ಅಂತ ಐತಿ, ಎಂದೆ. ಅವಳು ಈಳಿಗೆಯಿಂದ ಹೊಲಿಗೆ ಕೊಯ್ದು, ಬಿಸಿ ರೊಟ್ಟಿಯ ಮೇಲೆ ಆ ಹಿಂಡಿಯನ್ನು ಹಾಕಿ ನನ್ನ ಮುಂದೆ ಇಟ್ಟಳು. ಅನ್ನದ ಪದಾರ್ಥ ಚೆಲ್ಲಬಾರದು, ಉಣ್ರಿ, ಎಂದಳು. ಆರೇಳು ತಿಂಗಳ ಹಿಂಡಿ, ಕಮಟು ಹಿಡಿದಿತ್ತು. ಒಂದು ಚೂರೂ ಬಿಡದೆ ಉಂಡೆ. ಅವಳು ನೋಡುತ್ತ ಕೂತಿದ್ದಳು. ಆ ದೀಪಾವಳಿಗೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಕೇಳಿ ಮಾಡಿಸಿಕೊಂಡ ವರ್ಗ ಅದು, ಅದನ್ನೂ ಹೇಳಿಬಿಡುತ್ತೇನೆ. ಹೊರಡುವ ದಿನ ಅವಳಿಗೆ ಮುಖ ತೋರಿಸದೆ ಬಂದೆ.

ಯುದ್ಧ ಮುಗಿಯಿತು. ಗೋಕಾಕದ ಸಂತೆಯಲ್ಲಿ ಸಿಕ್ಕ ನೇಮಣ್ಣ, ನಿಂಗವ್ವನ ಮಗ ವೈರಿಗಳ ಸೆರೆಯಿಂದ ಬಂದ, ಎಂದು ಹೇಳಿದ. ಅಂದು ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಆದರೂ ಹೋಗಲಿಲ್ಲ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು. ಸ್ವರಾಜ್ಯವೂ ಬಂತು. ಮಾಮಲೇದಾರರ ಚಹಾ ಕುಡಿಯುತ್ತಿದ್ದವರೆಲ್ಲ ಒಂದೇ ರಾತ್ರಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ನಿಂತದ್ದನ್ನು ನೋಡಿ, ಇನ್ನು ಟೋಪಿ ಇದ್ದವನ ಮಾತೂ ನಂಬುವ ಹಾಗಿಲ್ಲ ಎಂದು ನಕ್ಕು, ನನ್ನ ಕರಿಯದನ್ನು ಗೂಟಕ್ಕೆ ಹಾಕಿದೆ. ಅದು ನಾನು ಮಾಡಿದ ಕೊನೆಯ ಚ್ಯಾಷ್ಟಿ, ಕೇಳಲಿಕ್ಕೆ ಯಾರೂ ಇರಲಿಲ್ಲ. ಈಗೆಲ್ಲ ಎಳೆಯ ಮಾಸ್ತರರು ಬರಿದಲೆಯಲ್ಲೇ ಓಡಾಡುತ್ತಾರೆ, ನಾನೂ ಅವರಲ್ಲಿ ಒಬ್ಬ.

ಹೋದ ತಿಂಗಳು ಆ ಅಗಸಿಯ ವಾಸನೆ ನನ್ನನ್ನು ಎಳೆದು ನಿಲ್ಲಿಸಿದ್ದು ಅದೇ ಖಾನಾವಳಿಯ ಹೊಸ್ತಿಲಿಗೆ. ಒಲೆಯ ಮುಂದೆ ಹೆಣ್ಣುಮಗಳೊಬ್ಬಳು ಕೂತಿದ್ದಳು, ಸೊಸೆ ಇರಬೇಕು. ಒಳಗಿನಿಂದ ಕಾಲು ಸ್ವಲ್ಪ ಎಳೆಯುತ್ತ ಒಬ್ಬ ಎತ್ತರದ ಮನುಷ್ಯ ಬಂದ. ಕಣ್ಣು ನಿಂಗವ್ವನವು. ನನ್ನ ಹೆಸರು ಹೇಳುತ್ತಲೂ ಅವನ ಮುಖ ಅರಳಿತು. ಟೋಪಿ ಮಾಸ್ತರೇನ್ರಿ, ಬರ್ರಿ ಬರ್ರಿ, ಎಂದು ಕೈ ಹಿಡಿದು ಕೂಡಿಸಿದ. ನಾನು ಟೋಪಿಯ ಕಟ್ಟಳೆಯ ಮಾತನ್ನು ಹೇಳಬೇಕಾಗಿರಲಿಲ್ಲ. ಕೃಷ್ಣನ ಗಡಿಯಾರ, ಉಬ್ಬುವ ಹಾದಿ, ಜೈನರ ಗುಳಿಗೆ, ನೇಮಣ್ಣ ಅವನಿಗೆ ಎಲ್ಲ ಹೇಳಿದ್ದ. ಬಳ್ಳೊಳ್ಳಿಯದನ್ನು ಮಾತ್ರ ಹೇಳಿರಲಿಲ್ಲ. ನೇಮಣ್ಣ ಬೇಕೆಂದೇ ಬಿಟ್ಟನೋ, ಮರೆತನೋ.

ನಿಂಗವ್ವ ಹೋಗಿ ಒಂದೂವರೆ ವರ್ಷವಾಯಿತಂತೆ. ಅವನೇ ಮಾತು ಮುಂದುವರಿಸಿದ.

“ನಿಮ್ಮನ್ನ ಭಾಳ ನೆನಸತಿದ್ಲು ಅವ್ವ. ಮಾಸ್ತರ ಕುಟ್ಟಿದ ಹಿಂಡಿ ಮಾಸ್ತರಗ ಉಣ್ಣಾಕ ಹಾಕಿದ್ನಿ, ಪಾಪ, ಅಂತಿದ್ಲು. ನನಗ ಒಂದ ಮಾತ ಮನಸ್ಸಿನ್ಯಾಗ ಉಳದೈತಿ ನೋಡ್ರಿ. ಆ ವರ್ಷ ನಾಕ ತಿಂಗಳ ಹಿಂಡಿ ಕಳಿಸಲಿಲ್ಲ ಅಕಿ. ಸೆರಿಮನ್ಯಾಗ ಮೂರ ವರ್ಷ ಅದನ್ನ ನೆನಸಿ ನೆನಸಿ ಮಲಗೇನಿ. ಬಂದ ಮ್ಯಾಲ ಕೇಳಿದ್ನಿ. ಸಿಟ್ಟ ಇತ್ತಪ್ಪಾ, ಹಡದಾಕಿಗೆ ಅಷ್ಟೂ ಸಿಟ್ಟ ಇರಬಾರದೇನು, ಅಂದ್ಲು. ಇರಲಿ ಬಿಡ್ರಿ. ತಪ್ಪ ನಂದ ಇತ್ತು.”

ನನ್ನ ತಪ್ಪನ್ನು ಅವಳು ತನ್ನ ಸಿಟ್ಟೆಂದು ಹೇಳಿ ಹೊತ್ತುಕೊಂಡು ಹೋಗಿದ್ದಳು. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮೋಟಾರು ಹತ್ತಿ ಹೋಗಿಬಿಡುವ ಪೈಕಿ ನಾನು ಎಂಬುದು ನನಗೆ ಗೊತ್ತಿತ್ತು. ಎದ್ದು ನಿಂತೆ, ನೇಮಣ್ಣನ ಅಂಗಡಿಯಲ್ಲಿ ಖರೆ ಸುದ್ದಿ ಹೇಳಲಿಕ್ಕೆ ನಿಲ್ಲುತ್ತಿದ್ದ ಹಾಗೆ.

“ಬಾಳಪ್ಪಾ, ನಿಮ್ಮವ್ವಗ ಸಿಟ್ಟ ಇರಲಿಲ್ಲ. ಹಿಂಡಿಯೊಳಗಿನ ಬಳ್ಳೊಳ್ಳಿ ವಾಸನಿ ಹಿಡದ ವೈರಿ ವಿಮಾನ ಬಂದ ನಿನ್ನ ಮ್ಯಾಲ ಬಾಂಬ ಹಾಕತೈತಿ ಅಂತ ಅಂಜಿ ಕಳಿಸಲಿಲ್ಲಪ್ಪಾ. ಹಂಗಂತ ಹೇಳಿದಾಂವ ನಾನ. ಅಕಿ ನಂಬಿದ್ಲು.”

ಬಾಳಪ್ಪ ನನ್ನನ್ನೇ ನೋಡಿದ. ಮುಖ ನೋಡಿದ, ಆಮೇಲೆ ತಲೆಯನ್ನು ನೋಡಿದ. ಅವನ ತುಟಿ ಮೆಲ್ಲಗೆ ಅರಳಿತು, ಹೆಗಲು ಅಲ್ಲಾಡತೊಡಗಿತು. ಒಲೆಯ ಮುಂದಿನ ಹೆಣ್ಣುಮಗಳೂ ಸೆರಗು ಬಾಯಿಗೆ ಹಿಡಿದಳು.

“ವಿಮಾನಕ್ಕ ಮೂಗು,” ಎಂದ ಅವನು ಕಣ್ಣೊರೆಸಿಕೊಳ್ಳುತ್ತ. “ನೇಮಣ್ಣ ಕಾಕಾ ಸುಳ್ಳ ಹೇಳಿಲ್ಲ ಬಿಡ್ರಿ. ಟೋಪಿ ಇಲ್ದ ನಿಂತಿದ್ದ ನೋಡಿನ ಇದು ಚ್ಯಾಷ್ಟಿ ಅಂತ ಗೊತ್ತಾತು ನನಗ.”

ನನ್ನ ಕೈ ತಲೆಗೆ ಹೋಯಿತು. ಕೂದಲು ಕೈಗೆ ಹತ್ತಿತು. ಖರೆ ಐತಪ್ಪಾ, ಎಂದೆ. ಅವನು ಇನ್ನಷ್ಟು ನಕ್ಕ. ಹೆಣ್ಣುಮಗಳು ಬಿಸಿ ರೊಟ್ಟಿ, ಮೇಲೆ ಆಗಷ್ಟೇ ಕುಟ್ಟಿದ ಹಿಂಡಿ, ನನ್ನ ಮುಂದೆ ತಂದಿಟ್ಟಳು. ಹೊರಗೆ ಮೋಟಾರಿನವನು ಹಾರ್ನು ಹೊಡೆಯುತ್ತಿದ್ದ. ನಾನು ಒಂದು ಕೈ ತಲೆಯ ಮೇಲಿಟ್ಟುಕೊಂಡು ನಿಂತೇ ಇದ್ದೆ.